ಪೋಕರ್‌ನಲ್ಲಿ ಇಬ್ಬರ ಎಲೆಗಳು ಸಮವಾದರೆ ಪಾಟ್ ಯಾರಿಗೆ ಸೇರಬೇಕು? ಹೊಸತೊಡಕಿನ ದಿನ ಎದ್ದ ಒಂದು ಪ್ರಶ್ನೆ

ಮಂಡ್ಯದ_ಆಟಗಾರ

ಎಲ್ಲರಿಗೂ ನಮಸ್ಕಾರ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಊಟ ಮುಗಿಸಿ ಜಗಲಿಯ ಮೇಲೆ ಇಸ್ಪೀಟಾಟಕ್ಕೆ ಕೂರುವುದು ನಮ್ಮ ಕಡೆ ಹಳೆಯ ರೂಢಿ. ಪ್ರತಿ ವರ್ಷ ರಮ್ಮಿ ಆಡುತ್ತಿದ್ದ ನಾವು ಈ ಸಲ ಬೆಂಗಳೂರಿನಿಂದ ಬಂದಿದ್ದ ಭಾವನವರ ಮಾತಿಗೆ ಒಪ್ಪಿ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಡಿದೆವು. ಹಣವನ್ನು ಇಡಲಿಲ್ಲ, ತಲೆಗೆ ನೂರರಂತೆ ಹುಣಸೆ ಬೀಜ ಹಂಚಿಕೊಂಡಿದ್ದೆವು.

ಒಂದು ಸುತ್ತಿನಲ್ಲಿ ಬೋರ್ಡ್ ಮೇಲೆ, ಅಂದರೆ ಎಲ್ಲರೂ ಬಳಸಬಹುದಾದ ತೆರೆದ ಎಲೆಗಳಾಗಿ, ಆಟೀನು 9, ಕಳಾವರ್ 9, ಡೈಮಂಡ್ 6, ಇಸ್ಪೀಟು 6, ಕಳಾವರ್ ಎಕ್ಕ ಬಿದ್ದಿದ್ದವು. ಕೊನೆಯವರೆಗೆ ಉಳಿದವರು ನನ್ನ ತಂಗಿ ಮತ್ತು ಭಾವ. ತಂಗಿಯ ಕೈಯಲ್ಲಿ ಎರಡು 4 ಇದ್ದವು. ಭಾವನವರ ಕೈಯಲ್ಲಿ ಇಸ್ಪೀಟು ರಾಜ ಮತ್ತು ಡೈಮಂಡ್ ರಾಣಿ. ತನಗೆ 9, 6, 4 ಎಂದು ಮೂರು ಜೋಡಿಗಳಿವೆ, ಭಾವನವರಿಗೆ ಎರಡೇ ಇವೆ, ಆದ್ದರಿಂದ ಗೆದ್ದವಳು ತಾನು ಎಂದು ತಂಗಿ ಹೇಳಿದಳು. ಪೋಕರ್‌ನಲ್ಲಿ ಮೂರು ಜೋಡಿ ಎಂಬುದೇ ಇಲ್ಲ, ಎರಡು ಜೋಡಿ ಸಮವಾದ ಮೇಲೆ ಕೈಯಲ್ಲಿರುವ ದೊಡ್ಡ ಎಲೆಯನ್ನು ನೋಡಬೇಕು, ತಮ್ಮ ರಾಜ ಅವಳ 4ಕ್ಕಿಂತ ಮೇಲು ಎಂಬುದು ಭಾವನವರ ವಾದ. ಹಿರಿಯರಾದ ದೊಡ್ಡಪ್ಪನವರು ಇಸ್ಪೀಟು ಎಲ್ಲ ಬಣ್ಣಗಳಿಗಿಂತ ದೊಡ್ಡದು, ಇಸ್ಪೀಟು ರಾಜ ಯಾರ ಕೈಯಲ್ಲಿದೆಯೋ ಪಾಟ್ (ಆ ಸುತ್ತಿನಲ್ಲಿ ಎಲ್ಲರೂ ಹಾಕಿದ ಬೀಜಗಳ ರಾಶಿ) ಅವರದು ಎಂದು ತೀರ್ಪು ಕೊಟ್ಟು 47 ಬೀಜಗಳನ್ನೂ ಭಾವನವರ ಕಡೆಗೆ ಸರಿಸಿದರು. ತಂಗಿಗೆ ಬೇಸರವಾಯಿತು. ಬೀಜಗಳ ಬೆಲೆ ದೊಡ್ಡದಲ್ಲ, ಆದರೆ ನಿಯಮ ಏನೆಂದು ನನಗೆ ನಿಜಕ್ಕೂ ತಿಳಿಯಬೇಕಾಗಿದೆ. ಮೂವರಲ್ಲಿ ಯಾರ ಮಾತು ಸರಿ?

ಐದೆಲೆ

ಮೂವರ ಮಾತೂ ಸರಿಯಲ್ಲ. ಆ ಪಾಟ್ ಅರ್ಧರ್ಧ ಹಂಚಿಕೆಯಾಗಬೇಕಿತ್ತು.

ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಕೈಯ 2 ಮತ್ತು ಬೋರ್ಡ್‌ನ 5, ಒಟ್ಟು 7 ಎಲೆಗಳು ಸಿಗುತ್ತವೆ. ಅವುಗಳಲ್ಲಿ ಅತ್ಯುತ್ತಮವಾದ 5 ಎಲೆಗಳನ್ನು ಆರಿಸಿಕೊಂಡು ಉಳಿದ 2 ಎಲೆಗಳನ್ನು ಆಟದಲ್ಲಿ ಇಲ್ಲವೇ ಇಲ್ಲ ಎಂಬಂತೆ ಬಿಟ್ಟುಬಿಡಬೇಕು. ಆರನೆಯ ಎಲೆ ಯಾವ ಸಂದರ್ಭದಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಈಗ ನಿಮ್ಮ ತಂಗಿಯ ಅತ್ಯುತ್ತಮ ಐದನ್ನು ಬರೆದು ನೋಡಿ: 9, 9, 6, 6 ಆದ ಮೇಲೆ ಐದನೆಯ ಸ್ಥಾನ ಒಂದೇ ಉಳಿದಿದೆ, ಅಲ್ಲಿಗೆ ಬರಬಹುದಾದ ಎಲೆಗಳಲ್ಲಿ ಎಕ್ಕವೇ ದೊಡ್ಡದು. ಹಾಗಾಗಿ ಅವರದು 9, 9, 6, 6, ಎಕ್ಕ. ಮೂರನೆಯ ಜೋಡಿಯಾದ 4, 4 ಕೂರಲು ಜಾಗವೇ ಇಲ್ಲ. ಭಾವನವರದನ್ನೂ ಬರೆಯಿರಿ: 9, 9, 6, 6 ಆದ ಮೇಲೆ ಐದನೆಯ ಸ್ಥಾನಕ್ಕೆ ಬೋರ್ಡ್‌ನ ಎಕ್ಕ ಇರುವಾಗ ಕೈಯ ರಾಜ ಬರಲಾರ. ಅವರದೂ 9, 9, 6, 6, ಎಕ್ಕ. ಇಬ್ಬರೂ ಆಡಿದ್ದು ಬೋರ್ಡ್‌ನ ಐದು ಎಲೆಗಳನ್ನೇ.

ಜೋಡಿಯ ಜೊತೆಗೆ ಬರುವ ಬಿಡಿ ಎಲೆಯನ್ನು ಕಿಕ್ಕರ್ ಎನ್ನುತ್ತಾರೆ. ಭಾವನವರಿಗೆ ಕಿಕ್ಕರ್ ಎಂಬುದೊಂದು ಇದೆ ಎಂದು ಗೊತ್ತಿತ್ತು, ಆದರೆ ಅದು ಕೈಯಲ್ಲಿರುವ ದೊಡ್ಡ ಎಲೆ ಎಂದುಕೊಂಡರು. ಕಿಕ್ಕರ್ ಕೈಯಿಂದಲೇ ಬರಬೇಕೆಂದಿಲ್ಲ, ಬೋರ್ಡ್‌ನಿಂದಲೂ ಬರಬಹುದು; ನಿಮ್ಮ ಆ ಸುತ್ತಿನಲ್ಲಿ ಆದದ್ದು ಅದೇ. ನಾನು ಕಂಡಂತೆ ಮನೆಯಾಟದ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಕಡಲತಡಿ

ಐದೆಲೆಯವರು ಹೇಳಿದ ಐದು ಎಲೆಗಳ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ದೊಡ್ಡಪ್ಪನವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು ಎಂದು ನನ್ನ ಅನಿಸಿಕೆ. ಬ್ರಿಡ್ಜ್ ಆಟದ ಕೂಗಿನಲ್ಲಿ ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಎಂದು ಬಣ್ಣಗಳಿಗೆ ಮೇಲಿನಿಂದ ಕೆಳಕ್ಕೆ ಸ್ಪಷ್ಟವಾದ ಕ್ರಮವಿದೆ. ನಾವು ಚಿಕ್ಕಂದಿನಿಂದ ಆಡುತ್ತ ಬಂದ ಇಪ್ಪತ್ತೆಂಟು ಎಂಬ ಆಟದಲ್ಲಿ ತುರುಫಿನ ಎಲೆ ಬೇರೆ ಬಣ್ಣದ ಎಲ್ಲ ಎಲೆಗಳನ್ನೂ ಹೊಡೆಯುತ್ತದೆ. ತೀನ್ ಪತ್ತಿಯಲ್ಲಿ ಶೋ ಆದಾಗ (ಎಲೆ ತೆರೆದು ತೋರಿಸಿದಾಗ) ಇಬ್ಬರ ಮೂರೂ ಎಲೆಗಳು ಸಮವಾಗಿದ್ದರೆ ಶೋ ಕೇಳಿದವರು ಸೋತಂತೆ ಎಂಬ ನಿಯಮವಿದೆ. ಅಲ್ಲಿ ಪಾಟ್ ಹಂಚುವ ಪ್ರಶ್ನೆಯೇ ಏಳುವುದಿಲ್ಲ. ಆಟ ಎಂದ ಮೇಲೆ ಒಬ್ಬರು ಗೆಲ್ಲಬೇಕು ತಾನೆ? ಬೇರೆ ಯಾವುದರಿಂದಲೂ ತೀರ್ಮಾನವಾಗದಿದ್ದಾಗ ಬಣ್ಣದಿಂದ ತೀರ್ಮಾನಿಸುವುದರಲ್ಲಿ ಏನು ತಪ್ಪಿದೆ?

ಹಳೇ_ಡೀಲರ್

ನಾನು ಗೋವಾದ ಒಂದು ಕ್ಯಾಸಿನೊದಲ್ಲಿ ಕೆಲವು ವರ್ಷ ಪೋಕರ್ ಮೇಜಿನಲ್ಲಿ ಎಲೆ ಹಂಚುವ ಕೆಲಸ ಮಾಡಿದವನು. ಕಡಲತಡಿಯವರ ಪ್ರಶ್ನೆಯನ್ನು ಮೇಜಿನ ಮೇಲೆ ಅನೇಕ ಸಲ ಕೇಳಿದ್ದೇನೆ, ಆದ್ದರಿಂದ ವಿವರವಾಗಿ ಉತ್ತರಿಸುತ್ತೇನೆ.

ಪೋಕರ್‌ನಲ್ಲಿ ಬಣ್ಣಗಳಿಗೆ ಕ್ರಮವೇ ಇಲ್ಲ ಎಂದರೆ ತಪ್ಪಾಗುತ್ತದೆ. ಕ್ರಮ ಇದೆ: ಕಳಾವರ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮಂಡ್, ಅದರ ಮೇಲೆ ಆಟೀನು, ಎಲ್ಲಕ್ಕಿಂತ ಮೇಲೆ ಇಸ್ಪೀಟು. ಇವುಗಳ ಇಂಗ್ಲಿಷ್ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆದರೂ ಇದೇ ಸಾಲು ಬರುತ್ತದೆ, ಹಾಗಾಗಿ ನೆನಪಿಡುವುದು ಸುಲಭ. ಆದರೆ ಈ ಕ್ರಮ ಬಳಕೆಯಾಗುವುದು ಪಾಟ್ ಯಾರಿಗೆ ಎಂದು ತೀರ್ಮಾನಿಸುವುದಕ್ಕಲ್ಲ, ಆಟದ ಸುತ್ತಲಿನ ಸಣ್ಣಪುಟ್ಟ ವ್ಯವಸ್ಥೆಗಳಿಗೆ. ಆಟ ಆರಂಭವಾಗುವ ಮುನ್ನ ಬಟನ್ (ಎಲೆ ಹಂಚುವವರ ಸ್ಥಾನವನ್ನು ಗುರುತಿಸುವ ಬಿಲ್ಲೆ) ಯಾರ ಮುಂದಿರಬೇಕು ಎಂದು ತಲೆಗೊಂದು ಎಲೆ ಎಳೆದಾಗ ಇಬ್ಬರಿಗೆ ರಾಜ ಬಂದರೆ ಬಣ್ಣವನ್ನು ನೋಡುತ್ತಾರೆ. ಸೆವೆನ್ ಕಾರ್ಡ್ ಸ್ಟಡ್ ಎಂಬ ಆಟದಲ್ಲಿ ತೆರೆದ ಎಲೆ ಅತಿ ಚಿಕ್ಕದಾಗಿರುವವರು ಮೊದಲು ಹಣ ಹಾಕಬೇಕು. ಇಬ್ಬರ ಮುಂದೆ 2 ಬಿದ್ದಿದ್ದರೆ ಕಳಾವರ್ 2 ಇರುವವರು ಹಾಕುತ್ತಾರೆ. ಪಾಟ್ ಹಂಚುವಾಗ ಉಳಿದುಹೋಗುವ ಒಂಟಿ ಚಿಪ್ (ಹಣದ ಬದಲು ಬಳಸುವ ಬಿಲ್ಲೆ) ಅನ್ನು ಸ್ಟಡ್‌ನಲ್ಲಿ ಬಣ್ಣ ನೋಡಿ ಕೊಡುತ್ತಾರೆ. ಇವಿಷ್ಟೇ. ಇಬ್ಬರ ಐದೈದು ಎಲೆಗಳನ್ನು ಎದುರಿಟ್ಟು ಹೋಲಿಸುವಾಗ ಇಸ್ಪೀಟು ರಾಜನೂ ಕಳಾವರ್ ರಾಜನೂ ಸಂಪೂರ್ಣ ಸಮ.

ತೀನ್ ಪತ್ತಿಯ ನಿಯಮವನ್ನು ತಾವು ಸರಿಯಾಗಿಯೇ ಹೇಳಿದ್ದೀರಿ, ಆದರೆ ಅದರ ಹಿಂದಿನ ತರ್ಕ ಬೇರೆ. ಅಲ್ಲಿ ಶೋ ಕೇಳುವುದು ಒಬ್ಬ ಆಟಗಾರನ ಸ್ವಂತ ನಿರ್ಧಾರ; ಮೇಲುಗೈ ಇದೆ ಎಂದು ಸಾಧಿಸಬೇಕಾದ ಹೊಣೆ ಕೇಳಿದವನ ಮೇಲಿರುತ್ತದೆ, ಸಮವಾದರೆ ಅವನು ಸಾಧಿಸಿದಂತಾಗಲಿಲ್ಲ. ಹೋಲ್ಡೆಮ್‌ನಲ್ಲಿ ಶೋ ಅನ್ನು ಯಾರೂ ಕೇಳುವುದಿಲ್ಲ, ಕೊನೆಯ ಪಣ ಮುಗಿದಾಗ ಅದು ತಾನಾಗಿಯೇ ಬರುತ್ತದೆ. ಹೊಣೆ ಯಾರ ಮೇಲೂ ಇಲ್ಲದಿರುವಾಗ ಯಾರನ್ನು ಸೋಲಿಸುತ್ತೀರಿ?

ಆ 47 ಬೀಜಗಳ ವಿಷಯಕ್ಕೆ ಬರುತ್ತೇನೆ. ತಲೆಗೆ 23 ಹಂಚಿದ ಮೇಲೆ ಒಂದು ಉಳಿಯುತ್ತದೆ. ಹೋಲ್ಡೆಮ್‌ನಲ್ಲಿ ಈ ಒಂಟಿ ಚಿಪ್ ಬಟನ್‌ನ ಎಡಗಡೆಯಿಂದ ಲೆಕ್ಕ ಹಾಕುತ್ತ ಹೋದಾಗ ಮೊದಲು ಸಿಗುವ, ಪಾಟ್‌ನಲ್ಲಿ ಪಾಲಿರುವ ಆಟಗಾರನಿಗೆ ಸೇರುತ್ತದೆ. ಪಂದ್ಯಾವಳಿಗಳ ನಿಯಮಗಳನ್ನು ಒಂದೇ ರೂಪಕ್ಕೆ ತರಲೆಂದು 2001ರಲ್ಲಿ ಆರಂಭವಾದ ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ನಿನ ನಿಯಮಾವಳಿಯಲ್ಲೂ ಇದು ಹೀಗೆಯೇ ಇದೆ. ಹಾಗೆ ಕೊಡುವ ಮೊದಲು ಆ ಚಿಪ್ ಅನ್ನು ಮೇಜಿನ ಮೇಲೆ ಚಲಾವಣೆಯಲ್ಲಿರುವ ಅತಿ ಸಣ್ಣ ಚಿಪ್‌ಗಳಾಗಿ ಒಡೆದು, ಒಡೆಯುವಷ್ಟನ್ನು ಹಂಚಿಯೇ ಮುಂದುವರಿಯಬೇಕು ಎಂಬುದನ್ನೂ ಮರೆಯಬಾರದು. ಬಟನ್‌ನ ಎಡಗಡೆಯವರು ಬೋರ್ಡ್‌ನ ಎಲೆಗಳು ತೆರೆದ ಮೇಲೆ ಎಲ್ಲರಿಗಿಂತ ಮೊದಲು ಪಣದ ನಿರ್ಧಾರ ಹೇಳಬೇಕಾದವರು. ಎದುರಾಳಿಗಳು ಏನು ಮಾಡುತ್ತಾರೆ ಎಂದು ತಿಳಿಯದೆಯೇ ನಿರ್ಧರಿಸಬೇಕಾದ ಕಷ್ಟದ ಜಾಗ ಅದು. ಉಳಿದ ಒಂದು ಚಿಪ್ ಆ ಜಾಗಕ್ಕೆ ಹೋಗುವುದು ನ್ಯಾಯವೆಂದೇ ನನಗೆ ತೋರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲೆ ತೆರೆಯುವ ಮೊದಲೇ ಅದು ಯಾರಿಗೆ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಇಪ್ಪತ್ತೆಂಟು ಆಡಿ ರೂಢಿಯಾದವರು ಒಂದು ಎಚ್ಚರ ವಹಿಸಬೇಕು. ಇಪ್ಪತ್ತೆಂಟು ಬಲಕ್ಕೆ ಸುತ್ತುತ್ತದೆ, ಪೋಕರ್ ಎಡಕ್ಕೆ ಸುತ್ತುತ್ತದೆ.

ಲೆಕ್ಕದ_ಮೇಷ್ಟ್ರು

ಬಣ್ಣದಿಂದ ತೀರ್ಮಾನಿಸಿದರೆ ಏನು ತಪ್ಪು ಎಂದು ಕಡಲತಡಿಯವರು ಕೇಳಿದ್ದಕ್ಕೆ ಗಣಿತದ ಕಡೆಯಿಂದ ಒಂದು ಉತ್ತರ ಕೊಡಬಹುದೆಂದುಕೊಂಡಿದ್ದೇನೆ.

52 ಎಲೆಗಳಿಂದ 5 ಎಲೆಗಳನ್ನು 25,98,960 ಬಗೆಯಲ್ಲಿ ಆರಿಸಬಹುದು. ಆದರೆ ಪೋಕರ್‌ನ ದೃಷ್ಟಿಯಲ್ಲಿ ಇವೆಲ್ಲವೂ ಬೇರೆ ಬೇರೆ ಅಲ್ಲ. ಬಣ್ಣ ಬೇರೆಯಾಗಿದ್ದರೂ ಬಲದಲ್ಲಿ ಸಮವಾಗಿರುವವುಗಳನ್ನು ಒಂದೇ ಮೆಟ್ಟಿಲಿನಲ್ಲಿಟ್ಟರೆ ಒಟ್ಟು ಮೆಟ್ಟಿಲುಗಳು 7,462 ಮಾತ್ರ. ಒಂದು ಉದಾಹರಣೆ ನೋಡೋಣ. ರಾಜನ ಜೋಡಿ, ಜೊತೆಗೆ 10, 7, 3 ಎಂಬ ಮೆಟ್ಟಿಲಿದೆ ಎಂದುಕೊಳ್ಳಿ. ನಾಲ್ಕು ರಾಜರಿಂದ ಇಬ್ಬರನ್ನು 6 ಬಗೆಯಲ್ಲಿ ಆರಿಸಬಹುದು. 10, 7, 3 ಈ ಒಂದೊಂದಕ್ಕೂ 4 ಬಣ್ಣಗಳ ಆಯ್ಕೆ ಇದೆ. 6ನ್ನು 4ರಿಂದ ಮೂರು ಸಲ ಗುಣಿಸಿದರೆ 384. ಅಂದರೆ ಆ ಒಂದೇ ಮೆಟ್ಟಿಲಿನಲ್ಲಿ 384 ಬಗೆಯ ಕೈಗಳು ಪರಸ್ಪರ ಸಮವಾಗಿ ನಿಂತಿರುತ್ತವೆ. ಒಂದು ಜೋಡಿಗೆ ಸೇರಿದ ಇಂಥ ಮೆಟ್ಟಿಲುಗಳು 2,860 ಇವೆ. 2,860ನ್ನು 384ರಿಂದ ಗುಣಿಸಿದರೆ 10,98,240 ಬರುತ್ತದೆ, ಒಂದು ಜೋಡಿಯ ಕೈಗಳ ಒಟ್ಟು ಸಂಖ್ಯೆಯೂ ಅಷ್ಟೇ.

ಈ ಸಂಖ್ಯೆಗಳನ್ನು ಬರೆದದ್ದಕ್ಕೆ ಕಾರಣವಿದೆ. ಪೋಕರ್‌ನಲ್ಲಿ ಯಾವುದು ದೊಡ್ಡದು ಎಂಬ ಕ್ರಮ ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಐದು ಎಲೆಗಳ ಲೆಕ್ಕದಲ್ಲಿ ಯಾವುದು ಅಪರೂಪವೋ ಅದು ಮೇಲೆ ನಿಲ್ಲುತ್ತದೆ. ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೆ ಒಂದು ಜೋಡಿ) 3,744 ಬಗೆಯಲ್ಲಿ, ಫ್ಲಶ್ (ಐದೂ ಒಂದೇ ಬಣ್ಣ, ಆದರೆ ಸಾಲಾಗಿಲ್ಲ) 5,108 ಬಗೆಯಲ್ಲಿ, ಸ್ಟ್ರೇಟ್ (ಸಾಲಾದ ಐದು ಅಂಕಿಗಳು, ಐದೂ ಒಂದೇ ಬಣ್ಣವಲ್ಲ) 10,200 ಬಗೆಯಲ್ಲಿ ಬರುತ್ತದೆ, ಆದ್ದರಿಂದಲೇ ಅವು ಆ ಕ್ರಮದಲ್ಲಿವೆ. ಈಗ ಇಸ್ಪೀಟಿನ ಫ್ಲಶ್ ಎಷ್ಟು ಬಗೆಯಲ್ಲಿ ಬರುತ್ತದೆ? 1,277. ಕಳಾವರ್ ಫ್ಲಶ್? ಅದೂ 1,277. ಒಂದು ಬಣ್ಣ ಇನ್ನೊಂದಕ್ಕಿಂತ ಎಳ್ಳಷ್ಟೂ ಅಪರೂಪವಲ್ಲದಿರುವಾಗ ಅದನ್ನು ಮೇಲಿಡುವುದಕ್ಕೆ ಆಟದೊಳಗೆ ಆಧಾರವೇ ಸಿಗುವುದಿಲ್ಲ. ಬಣ್ಣ ನೋಡಿ ಪಾಟ್ ಕೊಡುವುದೂ ನಾಣ್ಯ ಚಿಮ್ಮಿ ಕೊಡುವುದೂ ಒಂದೇ.

ಹೊಸಬಳು

ಇಲ್ಲಿನ ಉತ್ತರಗಳಿಂದ ಬಹಳ ತಿಳಿದುಕೊಂಡೆ. ಧನ್ಯವಾದಗಳು. ನನ್ನವೂ ಎರಡು ಪ್ರಶ್ನೆಗಳಿವೆ.

ಮೊದಲನೆಯದು. ನನ್ನ ಕೈಯಲ್ಲಿ ಎಕ್ಕ ಮತ್ತು 7 ಇದ್ದವು. ಮೊದಲ ಮೂರು ಎಲೆಗಳು ಎಕ್ಕ, 7, 3. ಎರಡು ಜೋಡಿ ಸಿಕ್ಕಿತೆಂದು ಧೈರ್ಯವಾಗಿ ಆಡಿದೆ. ಆಮೇಲೆ 9, ಮತ್ತೊಂದು 9 ಬಿದ್ದವು. ಎದುರಾಳಿಯ ಕೈಯಲ್ಲಿ ಎಕ್ಕ ಮತ್ತು ರಾಜ. ಕೊನೆಗೆ ಪಾಟ್ ಅವರ ಪಾಲಾಯಿತು. ಎರಡು ಜೋಡಿ ಮೊದಲು ಆದದ್ದು ನನಗೆ, ಅವರಿಗೆ ಬೋರ್ಡ್‌ನ ಜೋಡಿ ಬಿಟ್ಟರೆ ಎಕ್ಕದ ಜೋಡಿ ಮಾತ್ರ. ಇದು ಹೇಗೆ ಸರಿ?

ಎರಡನೆಯದು. ಇಬ್ಬರಿಗೂ 5ರಿಂದ 9ರವರೆಗಿನ ಸ್ಟ್ರೇಟ್ ಬಂದಿದೆ ಎಂದುಕೊಳ್ಳಿ. ಒಬ್ಬರ ಬಳಿ ಬಿಡಿ ಎಕ್ಕವೂ ಇದ್ದರೆ ಆ ಎಕ್ಕ ಕಿಕ್ಕರ್ ಆಗುತ್ತದೆಯೆ?

ಐದೆಲೆ

ಮೇಡಂ, ಎರಡನೆಯ ಪ್ರಶ್ನೆಯ ಉತ್ತರ ಚಿಕ್ಕದು: ಆಗುವುದಿಲ್ಲ. ಸ್ಟ್ರೇಟ್ ಎಂದರೆ ಐದೂ ಎಲೆಗಳು ತುಂಬಿದವು, ಕಿಕ್ಕರ್ ಕೂರಲು ಸ್ಥಾನವಿಲ್ಲ. ಸ್ಟ್ರೇಟ್‌ಗಳನ್ನು ಅವುಗಳ ಮೇಲ್ತುದಿಯ ಎಲೆಯಿಂದ ಮಾತ್ರ ಹೋಲಿಸಬೇಕು, ಆ ಎಲೆ ಒಂದೇ ಆದರೆ ಪಾಟ್ ಹಂಚಬೇಕು. ಎಕ್ಕ, 2, 3, 4, 5 ಎಂಬ ಸ್ಟ್ರೇಟ್‌ನಲ್ಲಿ ಎಕ್ಕ ಒಂದನೆಯ ಎಲೆಯಾಗಿ ಕೆಳಗಿರುತ್ತದೆ, ಮೇಲ್ತುದಿ 5 ಆಗುತ್ತದೆ. ಆದ್ದರಿಂದ ಅದು ಎಲ್ಲ ಸ್ಟ್ರೇಟ್‌ಗಳಿಗಿಂತ ಚಿಕ್ಕದು. ತೀನ್ ಪತ್ತಿಯಲ್ಲಿ ಎಕ್ಕ, 2, 3ಕ್ಕೆ ಎರಡನೆಯ ಅತಿ ದೊಡ್ಡ ಸ್ಥಾನ ಕೊಡುವ ರೂಢಿಯಿರುವುದರಿಂದ ನಮ್ಮವರು ಇಲ್ಲಿ ಬಹಳ ಎಡವುತ್ತಾರೆ.

ಮೊದಲ ಪ್ರಶ್ನೆ ನೋವಿನದು, ಪೋಕರ್ ಆಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ಉಂಡ ನೋವು. ಬೋರ್ಡ್‌ನಲ್ಲಿ ಎಕ್ಕ, 7, 3, 9, 9 ಇವೆ. ನಿಮ್ಮ ಏಳು ಎಲೆಗಳಲ್ಲಿ ಎಕ್ಕ, 9, 7 ಎಂಬ ಮೂರು ಜೋಡಿಗಳಿವೆ, ಅವುಗಳಲ್ಲಿ ದೊಡ್ಡವು ಎರಡನ್ನು ಮಾತ್ರ ಇಟ್ಟುಕೊಳ್ಳಬೇಕು. ನಿಮ್ಮ ಅತ್ಯುತ್ತಮ ಐದು ಎಕ್ಕ, ಎಕ್ಕ, 9, 9, 7. ಎದುರಾಳಿಯದು ಎಕ್ಕ, ಎಕ್ಕ, 9, 9, ರಾಜ. ಜೋಡಿಗಳೆರಡೂ ಸಮ, ಕಿಕ್ಕರ್ ರಾಜನ ಎದುರು 7 ನಿಲ್ಲಲಿಲ್ಲ. ಎರಡನೆಯ 9 ಬೀಳುವವರೆಗೆ ನೀವೇ ಮುಂದಿದ್ದಿರಿ; ಆ ಎಲೆ ನಿಮ್ಮ 7ರ ಜೋಡಿಯನ್ನು ನಿಷ್ಪ್ರಯೋಜಕ ಮಾಡಿತು. ಯಾರಿಗೆ ಮೊದಲು ಆಯಿತು ಎಂಬುದಕ್ಕೆ ಪೋಕರ್‌ನಲ್ಲಿ ಬೆಲೆಯಿಲ್ಲ, ಕೊನೆಯಲ್ಲಿ ಮೇಜಿನ ಮೇಲಿರುವ ಐದು ಎಲೆಗಳಿಗೆ ಮಾತ್ರ ಬೆಲೆ.

ಉಳಿದವರಿಗೂ ಉಪಯೋಗವಾಗಲೆಂದು ಹೇಳುತ್ತೇನೆ. ಒಂದು ಜೋಡಿ ಬಂದಾಗ ಮೂರು ಬಿಡಿ ಎಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದಾಗಿ ಹೋಲಿಸುತ್ತ ಹೋಗಬೇಕು, ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿಗೆ ನಿಲ್ಲಬೇಕು. ಬೋರ್ಡ್‌ನಲ್ಲಿ ಎಕ್ಕ, ರಾಣಿ, ಗುಲಾಮ, 8, 3 ಇದ್ದು ನಿಮ್ಮ ಕೈಯಲ್ಲಿ ಎಕ್ಕ ಮತ್ತು 7, ನನ್ನ ಕೈಯಲ್ಲಿ ಎಕ್ಕ ಮತ್ತು 4 ಇದ್ದರೆ ಹೊಸಬರು ನಿಮ್ಮ 7 ಗೆಲ್ಲಿಸುತ್ತದೆ ಎನ್ನುತ್ತಾರೆ. ಗೆಲ್ಲಿಸುವುದಿಲ್ಲ. ಇಬ್ಬರದೂ ಎಕ್ಕ, ಎಕ್ಕ, ರಾಣಿ, ಗುಲಾಮ, 8. ನಿಮ್ಮ 7 ಮತ್ತು ನನ್ನ 4 ಎರಡೂ ಐದರ ಹೊರಗೆ ಉಳಿದವು. ಇದೇ ಬೋರ್ಡ್‌ನಲ್ಲಿ ನಿಮ್ಮ ಕೈಯಲ್ಲಿ ಎಕ್ಕ ಮತ್ತು ರಾಜ ಇದ್ದಿದ್ದರೆ ಕಿಕ್ಕರ್‌ಗಳ ಸಾಲಿನಲ್ಲಿ ರಾಜ ಮೊದಲ ಸ್ಥಾನದಲ್ಲೇ ಕೂರುತ್ತಿದ್ದ, ನೀವು ಗೆಲ್ಲುತ್ತಿದ್ದಿರಿ.

ಬೋರ್ಡ್‌ನಲ್ಲೇ ನಾಲ್ಕು 9 ಬಿದ್ದ ಅಪರೂಪದ ಸಂದರ್ಭದಲ್ಲಿ ಐದನೆಯ ಎಲೆಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ. ಬೋರ್ಡ್‌ನ ಐದನೆಯ ಎಲೆ ಎಕ್ಕವಾಗಿದ್ದರೆ ಉಳಿದವರೆಲ್ಲರೂ ಹಂಚಿಕೊಳ್ಳಬೇಕು. ಅದು 5 ಆಗಿದ್ದರೆ ಯಾರ ಕೈಯಲ್ಲಿ ದೊಡ್ಡ ಎಲೆ ಇದೆಯೋ ಅವರಿಗೆ ಪಾಟ್.

ಸಂಜೆಯ_ಸುತ್ತು

ಫುಲ್ ಹೌಸ್ ವಿಷಯದಲ್ಲಿ ನನಗೆ ತಿಳಿದಿರುವುದನ್ನು ಸೇರಿಸುತ್ತೇನೆ. ಒಬ್ಬರಿಗೆ ಮೂರು 8 ಮತ್ತು ಎರಡು ರಾಜ, ಇನ್ನೊಬ್ಬರಿಗೆ ಮೂರು 9 ಮತ್ತು ಎರಡು 2 ಬಂದಾಗ ರಾಜ ಎಲ್ಲಕ್ಕಿಂತ ದೊಡ್ಡ ಎಲೆಯಾದ್ದರಿಂದ ಮೊದಲನೆಯವರು ಗೆಲ್ಲುತ್ತಾರೆ. ನಮ್ಮ ಗೆಳೆಯರ ಬಳಗದಲ್ಲಿ ಹೀಗೆಯೇ ಆಡುತ್ತೇವೆ.

ಹಳೇ_ಡೀಲರ್

ಸಂಜೆಯ ಸುತ್ತಿನವರು ದಯವಿಟ್ಟು ಇದನ್ನು ತಿದ್ದಿಕೊಳ್ಳಬೇಕು. ಫುಲ್ ಹೌಸ್‌ನಲ್ಲಿ ಮೊದಲು ಮೂರರ ಗುಂಪನ್ನು ಹೋಲಿಸಬೇಕು. 9 ಮೂರಿದ್ದವರು 8 ಮೂರಿದ್ದವರನ್ನು ಗೆಲ್ಲುತ್ತಾರೆ, ಜೊತೆಗಿರುವ ಜೋಡಿ ರಾಜನದೋ 2ರದೋ ಎಂದು ನೋಡುವ ಅಗತ್ಯವೇ ಬರುವುದಿಲ್ಲ. ಮೂರರ ಗುಂಪು ಇಬ್ಬರಿಗೂ ಒಂದೇ ಆಗಿದ್ದರೆ ಮಾತ್ರ ಜೋಡಿಯನ್ನು ನೋಡಬೇಕು, ಜೋಡಿಯೂ ಒಂದೇ ಆಗಿದ್ದರೆ ಹಂಚಬೇಕು.

ಫ್ಲಶ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಬಣ್ಣದ ಚರ್ಚೆಗೆ ಅದು ನೇರವಾಗಿ ಸಂಬಂಧಿಸಿದೆ. ಫ್ಲಶ್‌ಗಳನ್ನು ಮೇಲಿನ ಎಲೆಯಿಂದ ಕೆಳಗಿನ ಎಲೆಯವರೆಗೆ ಐದನ್ನೂ ಕ್ರಮವಾಗಿ ಹೋಲಿಸುತ್ತಾರೆ. ಹೋಲ್ಡೆಮ್‌ನಲ್ಲಿ ಫ್ಲಶ್ ಆಗಬೇಕಾದರೆ ಬೋರ್ಡ್‌ನಲ್ಲಿ ಕನಿಷ್ಠ ಮೂರು ಎಲೆಗಳು ಒಂದೇ ಬಣ್ಣದವಾಗಿರಬೇಕು. ಐದೇ ಎಲೆಗಳ ಬೋರ್ಡ್‌ನಲ್ಲಿ ಎರಡು ಬಣ್ಣಗಳಿಗೆ ಮೂರು ಮೂರು ಎಲೆಗಳು ಸಿಗಲು ಸಾಧ್ಯವೇ ಇಲ್ಲ. ಅಂದಮೇಲೆ ಒಂದೇ ಸುತ್ತಿನಲ್ಲಿ ಇಬ್ಬರಿಗೆ ಬೇರೆ ಬೇರೆ ಬಣ್ಣದ ಫ್ಲಶ್ ಬರುವುದೇ ಇಲ್ಲ. ಒಂದೇ ಬಣ್ಣದಲ್ಲಿ ಒಂದೇ ಅಂಕಿಯ ಎರಡು ಎಲೆಗಳಿಲ್ಲವಾದ್ದರಿಂದ, ಕೈಯ ಎಲೆ ಬಳಸಿ ಫ್ಲಶ್ ಮಾಡಿದ ಇಬ್ಬರು ಎಂದೂ ಸಮವಾಗುವುದಿಲ್ಲ. ಹೋಲ್ಡೆಮ್‌ನಲ್ಲಿ ಫ್ಲಶ್ ಸಮವಾಗುವುದು ಐದೂ ಎಲೆಗಳು ಬೋರ್ಡ್‌ನಲ್ಲೇ ಇದ್ದು, ಅದರ ಅತಿ ಚಿಕ್ಕ ಎಲೆಗಿಂತ ದೊಡ್ಡದಾದ ಅದೇ ಬಣ್ಣದ ಎಲೆ ಯಾರ ಕೈಯಲ್ಲೂ ಇಲ್ಲದಿರುವಾಗ ಮಾತ್ರ. ಬೋರ್ಡ್ ಇಲ್ಲದ ಸ್ಟಡ್‌ನಲ್ಲಾದರೆ ಒಬ್ಬರಿಗೆ ಆಟೀನಿನಲ್ಲಿ, ಇನ್ನೊಬ್ಬರಿಗೆ ಇಸ್ಪೀಟಿನಲ್ಲಿ ಎಕ್ಕ, 10, 8, 6, 3 ಬರಬಹುದು. ಅಲ್ಲಿಯೂ ಇಸ್ಪೀಟು ಗೆಲ್ಲುವುದಿಲ್ಲ, ಪಾಟ್ ಹಂಚುತ್ತಾರೆ.

ಲೆಕ್ಕದ_ಮೇಷ್ಟ್ರು

ಕಿಕ್ಕರ್ ಎಷ್ಟು ದೊಡ್ಡ ಮಾತನ್ನು ನಿರ್ಧರಿಸಬಲ್ಲದು ಎಂಬುದಕ್ಕೆ 2000ನೇ ಇಸವಿಯ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯದ ಕೊನೆಯ ಸುತ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆದುಬಂದ ಪಂದ್ಯಾವಳಿ ಅದು; ಆ ವರ್ಷ ಗೆದ್ದವರಿಗೆ 15 ಲಕ್ಷ ಡಾಲರ್ ಇತ್ತು. ಕೊನೆಗೆ ಉಳಿದ ಇಬ್ಬರಲ್ಲಿ ಟಿ. ಜೆ. ಕ್ಲೌಟಿಯರ್ ಅವರ ಕೈಯಲ್ಲಿ ಎಕ್ಕ ಮತ್ತು ರಾಣಿ, ಕ್ರಿಸ್ ಫರ್ಗುಸನ್ ಅವರ ಕೈಯಲ್ಲಿ ಎಕ್ಕ ಮತ್ತು 9. ನಾಲ್ಕು ಎಲೆಗಳು ತೆರೆದಾಗ ಬೋರ್ಡ್‌ನಲ್ಲಿ ಇದ್ದದ್ದು ಎರಡು ರಾಜ, ಒಂದು 2, ಒಂದು 4.

ಈ ಘಟ್ಟದಲ್ಲಿ ಇಬ್ಬರ ಜೋಡಿಯೂ ಒಂದೇ, ಅದು ಬೋರ್ಡ್‌ನ ರಾಜನ ಜೋಡಿ. ಮೊದಲ ಕಿಕ್ಕರ್ ಇಬ್ಬರಿಗೂ ಎಕ್ಕ. ಎರಡನೆಯ ಕಿಕ್ಕರ್ ಒಬ್ಬರಿಗೆ ರಾಣಿ, ಇನ್ನೊಬ್ಬರಿಗೆ 9. ಕ್ಲೌಟಿಯರ್ ಮುಂದಿದ್ದದ್ದು ಆ ಒಂದು ಎಲೆಯಿಂದ. ಕಾಣದ ಎಲೆಗಳು 44 ಉಳಿದಿದ್ದವು. ಅವುಗಳಲ್ಲಿ 2 ಮೂರು, 4 ಮೂರು. ಈ ಆರರಲ್ಲಿ ಯಾವುದು ಬಿದ್ದಿದ್ದರೂ ಬೋರ್ಡ್‌ನಲ್ಲಿ ಎರಡು ಜೋಡಿ ಆಗಿ, ಐದನೆಯ ಸ್ಥಾನಕ್ಕೆ ಇಬ್ಬರ ಎಕ್ಕವೂ ಬಂದು, ರಾಣಿ ಮತ್ತು 9 ಎರಡೂ ಹೊರಬಿದ್ದು, ಪಾಟ್ ಹಂಚಿಕೆಯಾಗುತ್ತಿತ್ತು. ಫರ್ಗುಸನ್ ಅವರನ್ನು ಗೆಲ್ಲಿಸಬಲ್ಲ ಎಲೆಗಳು ಮೂರೇ, ಉಳಿದ ಮೂರು 9ಗಳು. ಇನ್ನುಳಿದ 35 ಎಲೆಗಳೂ ಕ್ಲೌಟಿಯರ್ ಪಾಲಿಗಿದ್ದವು. ರಿವರ್ ಎನ್ನುವ ಕೊನೆಯ ಎಲೆಯಾಗಿ ಬಿದ್ದದ್ದು 9. ಫರ್ಗುಸನ್ ಎರಡು ಜೋಡಿಯಿಂದ ಗೆದ್ದರು.

ನಾನು ಈ ಸುತ್ತನ್ನು ವಿದ್ಯಾರ್ಥಿಗಳಿಗೆ ಸಂಭಾವ್ಯತೆ ಕಲಿಸುವಾಗ ಬಿಡಿಸಿ ತೋರಿಸುತ್ತೇನೆ. ಗೆಲುವು, ಸೋಲು ಎಂದು ಎರಡೇ ಪೆಟ್ಟಿಗೆ ಮಾಡುವವರು 44ರಲ್ಲಿ 6 ಎಲೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತಡವರಿಸುತ್ತಾರೆ. ಸಮ ಎಂಬುದು ಮೂರನೆಯ ಫಲಿತಾಂಶ, ಅದಕ್ಕೆ ಅದರದೇ ಪೆಟ್ಟಿಗೆ ಬೇಕು.

ಮಂಡ್ಯದ_ಆಟಗಾರ

ಎಲ್ಲರ ಉತ್ತರಗಳನ್ನೂ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ಗಮನವಿಟ್ಟು ಕೇಳಿ ಒಂದು ಪ್ರಶ್ನೆ ಹಾಕಿದರು, ಅದನ್ನು ಇಲ್ಲಿ ಇಡುತ್ತಿದ್ದೇನೆ. ಒಬ್ಬನ ಬಳಿ 20 ಬೀಜ ಮಾತ್ರ ಇದ್ದು ಅಷ್ಟನ್ನೂ ಹಾಕಿದ್ದಾನೆ, ಇನ್ನಿಬ್ಬರು ತಲೆಗೆ 50 ಹಾಕಿದ್ದಾರೆ, ಕೊನೆಗೆ ಮೂವರ ಎಲೆಗಳೂ ಸಮ. ಒಟ್ಟು 120 ಇದೆ. ತಲೆಗೆ 40 ಕೊಡಬೇಕೆ?

ಹಳೇ_ಡೀಲರ್

ದೊಡ್ಡಪ್ಪನವರ ಪ್ರಶ್ನೆ ತೂಕದ್ದು. ತಲೆಗೆ 40 ಕೊಟ್ಟರೆ 20 ಹಾಕಿದವನಿಗೆ ಸಮವಾದ ಆಟದಲ್ಲೂ 20 ಲಾಭ, 50 ಹಾಕಿದವರಿಗೆ ತಲಾ 10 ನಷ್ಟವಾಗುತ್ತದೆ. ಆದ್ದರಿಂದ ಪಾಟ್‌ಗಳನ್ನು ಮೊದಲೇ ಬೇರ್ಪಡಿಸಿಡುತ್ತಾರೆ. ಮೂವರಿಂದ ತಲಾ 20ರಂತೆ 60 ಮುಖ್ಯ ಪಾಟ್; ಇಬ್ಬರಿಂದ ತಲಾ 30ರಂತೆ 60 ಪಕ್ಕದ ಪಾಟ್. ಮುಖ್ಯ ಪಾಟ್ ಮೂವರಿಗೆ 20ರಂತೆ, ಪಕ್ಕದ ಪಾಟ್ ಇಬ್ಬರಿಗೆ 30ರಂತೆ ಹಂಚಿಕೆಯಾಗಿ, ಪ್ರತಿಯೊಬ್ಬರೂ ತಾವು ಹಾಕಿದಷ್ಟನ್ನೇ ಹಿಂದಕ್ಕೆ ಪಡೆಯುತ್ತಾರೆ. ಒಂದೊಂದು ಪಾಟ್ ಅನ್ನೂ ಪ್ರತ್ಯೇಕವಾಗಿಯೇ ಹಂಚಬೇಕು, ಒಂಟಿ ಚಿಪ್ ಉಳಿದರೆ ಅದನ್ನೂ ಆಯಾ ಪಾಟ್‌ನೊಳಗೇ ತೀರ್ಮಾನಿಸಬೇಕು.

ಇನ್ನೊಂದು ವಿಷಯವನ್ನು ನೆನಪಿದ್ದಾಗಲೇ ಹೇಳಿಬಿಡುತ್ತೇನೆ. ನಾನು ಎಲೆ ಹಂಚುತ್ತಿದ್ದ ಮೇಜಿನಲ್ಲಿ ಒಮ್ಮೆ ಬೋರ್ಡ್ ಮೇಲೆ ಬೇರೆ ಬೇರೆ ಬಣ್ಣದ 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದವು. ಫ್ಲಶ್ ಸಾಧ್ಯವಿರಲಿಲ್ಲ, ಉಳಿದಿದ್ದ ಮೂವರೂ ಪಾಟ್‌ನಲ್ಲಿ ಸಮಪಾಲು ಪಡೆಯಬೇಕಿತ್ತು. ಅವರಲ್ಲಿ ಹೊಸಬರಾದ ಒಬ್ಬರು ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಬೇಸರಗೊಂಡು ಎಲೆಗಳನ್ನು ಮಗುಚಿ ಬಿಸಾಡಿದ ಎಲೆಗಳ ರಾಶಿಗೆ ಎಸೆದುಬಿಟ್ಟರು. ಪಾಟ್‌ನಲ್ಲಿ ಪಾಲು ಬೇಕೆನ್ನುವವರು, ಬೋರ್ಡ್ ಅನ್ನೇ ಆಡುತ್ತಿದ್ದರೂ, ತಮ್ಮ ಎರಡೂ ಎಲೆಗಳನ್ನು ತೆರೆದು ತೋರಿಸಲೇಬೇಕು. ಅವರು ತೋರಿಸಿರಲಿಲ್ಲ. ಪಾಟ್ ಅನ್ನು ಉಳಿದಿಬ್ಬರಿಗೆ ಹಂಚಿದೆ. ನಿಯಮದಂತೆ ನಾನು ಮಾಡಿದ್ದು ಸರಿ, ಆದರೂ ಅವರ ಮುಖ ನನಗೆ ಇಂದಿಗೂ ನೆನಪಿದೆ. ಆದ್ದರಿಂದ ಹೊಸಬರಿಗೆಲ್ಲ ಕಳಕಳಿಯಿಂದ ಹೇಳುತ್ತೇನೆ, ಸೋತೆವೆಂದು ಅನಿಸಿದರೂ ಎಲೆಗಳನ್ನು ತೆರೆದಿಡಿ. ಐದು ಎಲೆಗಳನ್ನು ಓದುವ ಕೆಲಸ ಇಡೀ ಮೇಜಿನದು.

ಹೊಸಬಳು

ಒಮಾಹಾ ಎಂಬ ಇನ್ನೊಂದು ಬಗೆಯ ಪೋಕರ್ ಆಟದಲ್ಲೂ ಇದೇ ನಿಯಮಗಳೆ?

ಐದೆಲೆ

ಹೋಲಿಸುವ ಕ್ರಮ ಇದೇ, ಆದರೆ ಐದನ್ನು ಆರಿಸುವ ಕ್ರಮ ಬೇರೆ. ಒಮಾಹಾದಲ್ಲಿ ಕೈಯ ನಾಲ್ಕರಲ್ಲಿ ಸರಿಯಾಗಿ ಎರಡು, ಬೋರ್ಡ್‌ನಿಂದ ಸರಿಯಾಗಿ ಮೂರು ಎಲೆಗಳನ್ನು ತೆಗೆದುಕೊಳ್ಳಬೇಕು, ಹಾಗಾಗಿ ಬೋರ್ಡ್‌ನ ಐದನ್ನೇ ಆಡಿ ಎಲ್ಲರೂ ಸಮವಾಗುವ ಪ್ರಸಂಗ ಅಲ್ಲಿ ಬರುವುದಿಲ್ಲ. ದೊಡ್ಡ ಕೈಗೆ ಅರ್ಧ, ಚಿಕ್ಕ ಕೈಗೆ ಅರ್ಧ ಎಂದು ಪಾಟ್ ಒಡೆಯುವ ಒಮಾಹಾ ಬಗೆಯೂ ಇದೆ. ಅಲ್ಲಿ 100ರ ಪಾಟ್‌ನಲ್ಲಿ ನೀವು ದೊಡ್ಡ ಕೈಯನ್ನು ಒಬ್ಬರೇ ಗೆದ್ದು, ಚಿಕ್ಕ ಕೈಯಲ್ಲಿ ನಾನು ನೀವು ಸಮವಾದರೆ, ನಿಮಗೆ 50 ಮತ್ತು 25 ಸೇರಿ 75, ನನಗೆ 25. ಎರಡು ಅರ್ಧಗಳಾಗಿ ಒಡೆಯುವಾಗಲೇ ಒಂಟಿ ಚಿಪ್ ಉಳಿದರೆ ಅದು ದೊಡ್ಡ ಕೈಯ ಭಾಗಕ್ಕೆ ಹೋಗುತ್ತದೆ.

ಕಡಲತಡಿ

ಮೇಷ್ಟ್ರ 1,277ರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. 13 ಅಂಕಿಗಳಿಂದ ಐದನ್ನು ಆರಿಸುವ 1,287 ಬಗೆಗಳಲ್ಲಿ ಸಾಲಾಗಿ ಬರುವ 10ನ್ನು ಕಳೆದರೆ 1,277, ಎಲ್ಲ ಬಣ್ಣಕ್ಕೂ ಒಂದೇ. ಪಾಟ್ ಅನ್ನು ಬಣ್ಣದಿಂದ ತೀರ್ಮಾನಿಸಬಾರದೆಂಬ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ, ನನ್ನ ಮೊದಲಿನ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದಿರುವುದು ಒಂದೇ ಪ್ರಶ್ನೆ: ತಪ್ಪಾಗಿ ಕೊಟ್ಟ ಆ 47 ಬೀಜಗಳನ್ನು ಈಗ ಹಿಂದಕ್ಕೆ ಕೇಳಬಹುದೆ?

ಹಳೇ_ಡೀಲರ್

ಯಾರು ಬಾಯಲ್ಲಿ ಏನು ಹೇಳಿದರು ಎಂಬುದಕ್ಕೆ ಬೆಲೆಯಿಲ್ಲ, ತೆರೆದಿಟ್ಟ ಎಲೆಗಳೇ ತಮ್ಮ ಬಲವನ್ನು ಹೇಳುತ್ತವೆ. ಹಾಗಾಗಿ ಭಾವನವರು ತಾವು ಗೆದ್ದೆವೆಂದು ಹೇಳಿದ್ದರೂ, ತಂಗಿ ಮೂರು ಜೋಡಿ ಎಂದು ಹೇಳಿದ್ದರೂ, ಯಾರು ಬೇಕಾದರೂ ಆ ಕ್ಷಣದಲ್ಲಿ ತಪ್ಪನ್ನು ತೋರಿಸಿ ಪಾಟ್ ಹಂಚಿಸಬಹುದಿತ್ತು. ಆದರೆ ಮುಂದಿನ ಸುತ್ತು ಆರಂಭವಾದ ಮೇಲೆ ಹಿಂದಿನ ಸುತ್ತಿನ ಬಗ್ಗೆ ತಕರಾರು ಎತ್ತುವ ಹಕ್ಕು ಮುಗಿಯುತ್ತದೆ. ಪಂದ್ಯಾವಳಿಯ ನಿಯಮದ ಪ್ರಕಾರ ದೊಡ್ಡಪ್ಪನವರ ತೀರ್ಪು ಈಗ ಉಳಿಯುತ್ತದೆ.

ಮಂಡ್ಯದ_ಆಟಗಾರ

ಮುಂದಿನ ಸುತ್ತು ಮಾತ್ರವಲ್ಲ, ಆ ದಿನ ಕತ್ತಲಾಗುವವರೆಗೆ ಆಡಿದ್ದೆವು, ಆದ್ದರಿಂದ ತೀರ್ಪು ಉಳಿಯುತ್ತದೆ ಎಂಬುದನ್ನು ತಂಗಿಯೂ ಒಪ್ಪಿಕೊಂಡಳು. ಆದರೂ ಯಾರು ಎಲ್ಲಿ ಕೂತಿದ್ದರೆಂದು ಎಲ್ಲರೂ ಸೇರಿ ನೆನಪಿಸಿಕೊಂಡೆವು. ಆ ಸುತ್ತಿನಲ್ಲಿ ಎಲೆ ಹಂಚಿದವರು ಅತ್ತೆ, ಅವರ ಎಡಕ್ಕೆ ತಂಗಿ, ಕಂಬದ ಪಕ್ಕದಲ್ಲಿ ಭಾವ. ಹಾಗಾಗಿ 24 ಬೀಜ ತಂಗಿಯದು, 23 ಭಾವನವರದು. ಭಾವನವರು ನಿನ್ನೆ ಫೋನಿನಲ್ಲಿ ಇದನ್ನು ಕೇಳಿ, ಮುಂದಿನ ಹೊಸತೊಡಕಿಗೆ ಬಂದಾಗ ಆಟ ಆರಂಭಿಸುವ ಮೊದಲೇ ತಮ್ಮ ಪಾಲಿನಿಂದ 24 ಬೀಜಗಳನ್ನು ಅವಳ ಮುಂದೆ ಎಣಿಸಿ ಇಡುವುದಾಗಿ ಹೇಳಿದ್ದಾರೆ.